ಬೆಟ್ಟದಿಂದ ತಂದ ಸ್ಪ್ರೂಸ್: ಕುಂಡ ಬದಲಿಸುವುದು, ಆಕಾರ ಕೊಡುವುದು ಎರಡನ್ನೂ ಒಟ್ಟಿಗೆ ಮಾಡಬಹುದಾ?

ಸೂಜಿಎಲೆ (ಮೊದಲ ದಿನ, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಬೋನ್ಸಾಯ್ ಮಾಡಲು ಇಟ್ಟುಕೊಂಡ ಒಂದು ಮರದ ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಸ್ವಲ್ಪ ಬೇಗ ಬೇಕು, ಯಾಕೆಂದರೆ ಮೊಗ್ಗುಗಳು ಆಗಲೇ ಉಬ್ಬಲು ಶುರುವಾಗಿವೆ.

ಇದು ನಾರ್ವೆ ಸ್ಪ್ರೂಸ್, ಚಳಿ ಸೀಮೆಯ ಸೂಜಿ ಎಲೆಯ ಮರ. ಎರಡು ವರ್ಷದ ಹಿಂದೆ ಬೆಟ್ಟದ ಮೇಲೆ ಬಂಡೆಯ ಸಂದಿಯಿಂದ ತೆಗೆದದ್ದು. ಜಾಗದ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆದುಕೊಂಡೇ ತೆಗೆದೆ. ಎತ್ತರ 60 ಸೆಂ.ಮೀ., ಬುಡದ ದಪ್ಪ 7 ಸೆಂ.ಮೀ. ತಂದ ದಿನವೇ ಬೇರಿನ ಮುದ್ದೆಗಿಂತ ಸ್ವಲ್ಪವೇ ದೊಡ್ಡದಾದ ಮರದ ಪೆಟ್ಟಿಗೆಗೆ ಹಾಕಿದೆ. ಮಧ್ಯದಲ್ಲಿ ಬೆಟ್ಟದ ಕಪ್ಪು ಮಣ್ಣು ಹಾಗೇ ಇದೆ, ಸುತ್ತ ಪ್ಯೂಮಿಸ್ (ಜ್ವಾಲಾಮುಖಿಯ ಹಗುರವಾದ ತೂತುಕಲ್ಲಿನ ಕಾಳು) ತುಂಬಿದ್ದೇನೆ.

ತೊಂದರೆ ನೀರಿನದ್ದು. ಕಳೆದ ಬೇಸಿಗೆಯಲ್ಲಿ ದಿನಾ ನೀರು ಹಾಕಿದೆ. ಕೆಳಗಿನಿಂದ ಧಾರಾಳವಾಗಿ ಹರಿದು ಹೋಗುತ್ತಿತ್ತು. ಒಂದು ದಿನ ಅನುಮಾನ ಬಂದು ಮಧ್ಯದಲ್ಲಿ ಕಡ್ಡಿ ಚುಚ್ಚಿ ನೋಡಿದರೆ ಒಳಗಿನ ಮಣ್ಣು ಪುಡಿಪುಡಿ, ಒಣಗಿಹೋಗಿತ್ತು. ಅವತ್ತಿನಿಂದ ವಾರಕ್ಕೊಮ್ಮೆ ಪೆಟ್ಟಿಗೆಯನ್ನೇ ನೀರಿನ ತೊಟ್ಟಿಯಲ್ಲಿ 20 ನಿಮಿಷ ಮುಳುಗಿಸಿ ಇಡುತ್ತಿದ್ದೇನೆ.

ಒಳ್ಳೆಯ ಕುಂಡ ಒಂದು ಸಿಕ್ಕಿದೆ, 8 ಸೆಂ.ಮೀ. ಆಳ. ಈ ವಾರ ಕುಂಡ ಬದಲಿಸಿ, ಹಾಗೇ ತಂತಿ ಸುತ್ತಿ ಆಕಾರವನ್ನೂ ಕೊಟ್ಟುಬಿಡೋಣ ಅಂತ ಯೋಚನೆ. ಇದಕ್ಕಿಂತ ಮುಂಚೆ ಒಂದು ಸ್ಪ್ರೂಸ್ ನನ್ನ ಕೈಯಲ್ಲಿ ಹೋಗಿದೆ. ಇದನ್ನು ಕಳೆದುಕೊಳ್ಳಲು ಮನಸ್ಸಿಲ್ಲ.

ಬೇರುನೋಟ (ಮೊದಲ ದಿನ)

ಮೊದಲು ಇಷ್ಟು ಹೇಳಿ. ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಮರ ಪೆಟ್ಟಿಗೆಯಲ್ಲಿ ಅಲುಗುತ್ತದಾ? ಕಳೆದ ವರ್ಷದ ಚಿಗುರು ಎಷ್ಟು ಉದ್ದ ಬಂತು? ಪೆಟ್ಟಿಗೆಯ ಅಂಚಿನಲ್ಲಿ ಪ್ಯೂಮಿಸ್ ಸ್ವಲ್ಪ ಸರಿಸಿದರೆ ಬಿಳಿ ಬೇರಿನ ತುದಿ ಕಾಣುತ್ತದಾ?

ಇನ್ನೊಂದು. ಇದು ಸ್ಪ್ರೂಸೇ ತಾನೆ? ಒಂದು ಸೂಜಿ ಕಿತ್ತು ಎರಡು ಬೆರಳ ನಡುವೆ ಉರುಳಿಸಿ. ಸ್ಪ್ರೂಸ್ ಸೂಜಿಗೆ ನಾಲ್ಕು ಮೂಲೆ, ಸಲೀಸಾಗಿ ಉರುಳುತ್ತದೆ. ಸ್ಪ್ರೂಸ್ ಹಾಗೇ ಕಾಣುವ ಫರ್ ಮರದ ಸೂಜಿ ಚಪ್ಪಟೆ, ಉರುಳುವುದಿಲ್ಲ. ಸೂಜಿ ಉದುರಿದ ಹಳೆಯ ಕಡ್ಡಿಯ ಮೇಲೆ ಕೈಯಾಡಿಸಿದರೂ ಗೊತ್ತಾಗುತ್ತದೆ, ಸ್ಪ್ರೂಸ್ ಆದರೆ ಅರದ ಹಾಗೆ ತರಿತರಿಯಾಗಿರುತ್ತದೆ.

ಸೂಜಿಎಲೆ (ಮೊದಲ ದಿನ)

ಈಗ ತಾನೇ ನೋಡಿ ಬಂದೆ ಅಕ್ಕಾ. ಸೂಜಿ ಉರುಳಿತು, ಕಡ್ಡಿ ತರಿತರಿ ಇದೆ. ಮರ ಅಲುಗುವುದಿಲ್ಲ. ಅಲ್ಲಾಡಿಸಿದರೆ ಪೆಟ್ಟಿಗೆಯೂ ಜೊತೆಗೇ ಅಲ್ಲಾಡುತ್ತದೆ. ಚಿಗುರು ಮೇಲಿನ ರೆಂಬೆಗಳಲ್ಲಿ 4 ಸೆಂ.ಮೀ., ಕೆಳಗೆ 2 ಸೆಂ.ಮೀ. ಬಂದಿತ್ತು. ಅಂಚಿನಲ್ಲಿ ಪ್ಯೂಮಿಸ್ ಕಾಳುಗಳನ್ನು ತಬ್ಬಿಕೊಂಡ ಹಾಗೆ ಬೇರು ಬಂದಿದೆ. ಒಂದು ಕಾಳು ಎತ್ತಿದರೆ ಜೊತೆಗೆ ಐದಾರು ಕಾಳು ಎದ್ದು ಬಂದವು.

ಬೇರುನೋಟ (ಮೊದಲ ದಿನ, ಸಂಜೆ)

ಹಾಗಾದರೆ ಬೇರಿನ ಕೆಲಸಕ್ಕೆ ಮರ ತಯಾರಿದೆ. ತಂತಿಯ ಮಾತು ಆಮೇಲೆ.

ಒಳಗೆ ನಡೆಯುತ್ತಿರುವುದು ಇಷ್ಟು. ಬೆಟ್ಟದ ಕಪ್ಪು ಮಣ್ಣು ತುಂಬಾ ನುಣುಪು. ಸುತ್ತ ಇರುವ ಪ್ಯೂಮಿಸ್ ದಪ್ಪ ಕಾಳು. ಕಪ್ಪು ಮಣ್ಣು ಒಮ್ಮೆ ನೆನೆದರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪ್ಯೂಮಿಸ್‌ಗೆ ಬಿಟ್ಟುಕೊಡುವುದಿಲ್ಲ. ಅದೇ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ನೀರೆಲ್ಲ ಪ್ಯೂಮಿಸ್ ದಾರಿ ಹಿಡಿದು ಕೆಳಗೆ ಹೋಗುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಥರದ ಮಣ್ಣು ಇದ್ದರೆ ನೀರು ಹಾಕುವವರಿಗೆ ಹದ ಸಿಗುವುದೇ ಇಲ್ಲ. ಆದ್ದರಿಂದ ಆ ಮಣ್ಣು ಹೊರಗೆ ಬರಬೇಕು.

ಆದರೆ ಒಂದೇ ಸಲಕ್ಕೆ ಅಲ್ಲ. ಅರ್ಧ ಈಗ, ಇನ್ನರ್ಧ ಎರಡು ಮೂರು ವರ್ಷ ಬಿಟ್ಟು. ಮರವನ್ನು ಮೇಲಿನಿಂದ ನೋಡಿ, ನಡುವೆ ಒಂದು ಗೆರೆ ಎಳೆದುಕೊಳ್ಳಿ. ಒಂದು ಬದಿಯ ಹಳೆ ಮಣ್ಣನ್ನು ಬುಡದವರೆಗೂ ಬಿಡಿಸಿ. ಇನ್ನೊಂದು ಬದಿಯ ತಂಟೆಗೇ ಹೋಗಬೇಡಿ. ಆ ಕಪ್ಪು ಮಣ್ಣಿನಲ್ಲಿ ಕೂದಲಿನಂಥ ಬೇರುಗಳಿವೆ, ಬೇರಿನ ಜೊತೆ ಬದುಕುವ ಬಿಳಿ ಬೂಷ್ಟಿನ ಎಳೆಗಳೂ ಇವೆ. ನೀವು ಕೈ ಹಾಕಿದ ಬದಿ ಸುಧಾರಿಸಿಕೊಳ್ಳುವವರೆಗೆ ಮರಕ್ಕೆ ನೀರು ಕುಡಿಸುವುದು ಈ ಇನ್ನೊಂದು ಬದಿಯೇ.

ಹಿಂದಿನ ದಿನ ನೀರು ಹಾಕಬೇಡಿ. ಮಣ್ಣು ಕೆಸರಾಗಿದ್ದರೆ ಬೇರಿಗೆ ಅಂಟಿಕೊಂಡು ಬರುತ್ತದೆ, ಒಣಗಿದ್ದರೆ ಬೇರು ಮುರಿಯುತ್ತದೆ. ಮರದ ಕಡ್ಡಿ ಹಿಡಿದು ಹೊರಗಿನಿಂದ ಒಳಕ್ಕೆ, ಬೇರು ಓಡಿದ ದಿಕ್ಕಿನಲ್ಲೇ ಮೆಲ್ಲಗೆ ಬಿಡಿಸಿ. ಅಡ್ಡಡ್ಡ ಕೆರೆಯಬೇಡಿ. ಪಕ್ಕದಲ್ಲಿ ನೀರು ಚಿಮುಕಿಸುವ ಬಾಟಲಿ ಇರಲಿ, ಬಿಡಿಸಿದ ಬೇರು ಒಂದು ಕ್ಷಣವೂ ಒಣಗಬಾರದು. ಕತ್ತರಿ ತುಂಬಾ ಕಡಿಮೆ. ಕೆಳಕ್ಕೆ ಇಳಿದ ದಪ್ಪ ಬೇರನ್ನು ಮಾತ್ರ ಮೊಟಕು ಮಾಡಿ, ಅದೂ ಬುಡದ ಹತ್ತಿರ ಸಣ್ಣ ಬೇರುಗಳಿದ್ದರೆ ಮಾತ್ರ.

ಕುಂಡದ ಬಗ್ಗೆ ನನಗೆ ಭಯ ಇದೆ. 8 ಸೆಂ.ಮೀ. ಆಳ ಈ ಮರಕ್ಕೆ ಈಗ ಬೇಡ. ಪಾತ್ರೆ ತೊಳೆಯುವ ಸ್ಪಂಜು ಒಂದನ್ನು ಪೂರ್ತಿ ನೆನೆಸಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಎತ್ತಿ ನಿಲ್ಲಿಸಿ. ಮತ್ತೆ ನೀರು ಇಳಿಯುತ್ತದೆ. ಸ್ಪಂಜು ಅದೇ, ತೂತು ಅದೇ, ಎತ್ತರ ಮಾತ್ರ ಬೇರೆ. ಕುಂಡದಲ್ಲೂ ಹೀಗೇ. ಆಳ ಕಡಿಮೆಯಾದಷ್ಟೂ ತಳದ ಒದ್ದೆ ಪದರ ಬೇರಿಗೆ ಹತ್ತಿರವಾಗುತ್ತದೆ. ಹಳೆ ಮಣ್ಣು ಅರ್ಧ ಉಳಿದಿರುವಾಗ ಇದು ಅಪಾಯ. ಇನ್ನೊಂದು ಸಲ ಪೆಟ್ಟಿಗೆಯಲ್ಲೇ ಇರಲಿ.

ತಂತಿಸುರುಳಿ (ಮೊದಲ ದಿನ, ರಾತ್ರಿ)

ನಾನು ಸಾಮಾನ್ಯವಾಗಿ ಸ್ಪ್ರೂಸ್ ಬೇರಿಗೆ ಕೈ ಹಾಕುವುದು ಬೇಸಿಗೆ ಇಳಿಯುವ ಹೊತ್ತಿನಲ್ಲಿ. ಆ ವರ್ಷದ ಚಿಗುರು ಅಷ್ಟರಲ್ಲಿ ಬಲಿತಿರುತ್ತದೆ. ಮರ ಆಗ ಬೇರಿನ ಕಡೆ ಗಮನ ಕೊಡುತ್ತದೆ, ಚಳಿ ಬರುವ ಮೊದಲೇ ಕಚ್ಚಿಕೊಳ್ಳುತ್ತದೆ. ಅಲ್ಲಿವರೆಗೆ ಕಾಯಬಹುದಲ್ವಾ?

ತಂತಿಯ ವಿಷಯಕ್ಕೆ ಬಂದರೆ, ಈ ವರ್ಷ ಬೇಡವೇ ಬೇಡ. ಬೇರು ಬಿಡಿಸಿದ ಮರಕ್ಕೆ ತಂತಿ ಸುತ್ತಿ ಬಗ್ಗಿಸುವುದು ಗಾಯದ ಮೇಲೆ ಬರೆ ಎಳೆದ ಹಾಗೆ. ಬಗ್ಗಿಸಿದಾಗ ತೊಗಟೆಯ ಒಳಗೆ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ಅದನ್ನು ವಾಸಿ ಮಾಡಿಕೊಳ್ಳಲು ನೀರು ಬೇಕು, ಅದನ್ನು ಕಳಿಸಬೇಕಾದ ಬೇರೇ ಆಗ ಇರುವುದಿಲ್ಲ. ಅದರ ಮೇಲೆ ವಸಂತದಲ್ಲಿ ತೊಗಟೆ ಕಟ್ಟಿಗೆಯಿಂದ ಸುಲಭವಾಗಿ ಜಾರುತ್ತದೆ. ಸ್ವಲ್ಪ ಜಾಸ್ತಿ ತಿರುಚಿದರೂ ರೆಂಬೆ ಹೋಯಿತು.

ಹಳೆಕುಂಡ (ಎರಡನೇ ದಿನ)

ನನ್ನ ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಏಳು ವರ್ಷದ ಹಿಂದೆ ಒಂದು ಸ್ಪ್ರೂಸ್‌ನ ಹಳೆ ಮಣ್ಣನ್ನೆಲ್ಲ ಪೈಪಿನ ನೀರಲ್ಲಿ ತೊಳೆದೆ. ಅವತ್ತೇ ತಂತಿ ಸುತ್ತಿದೆ. ಸಂಜೆ ಹೊತ್ತಿಗೆ ನೋಡಲು ಎಷ್ಟು ಚೆಂದ ಇತ್ತು ಅಂದರೆ ರಾತ್ರಿ ಎದ್ದು ಹೋಗಿ ಬ್ಯಾಟರಿ ಬಿಟ್ಟು ನೋಡಿದ್ದೆ. ಮೊಗ್ಗು ಒಡೆಯಿತು, ಚಿಗುರು ಬಂತು. ಗೆದ್ದೆ ಅಂದುಕೊಂಡೆ. ಆ ಚಿಗುರು ಬಂದದ್ದು ಮರದೊಳಗೆ ಮೊದಲೇ ಕೂಡಿಟ್ಟ ಶಕ್ತಿಯಿಂದ. ನಡು ಬೇಸಿಗೆಯಲ್ಲಿ ಚಿಗುರು ಬಾಡಿ ಕೆಳಕ್ಕೆ ಜೋತುಬಿತ್ತು. ಹಳೆಯ ಸೂಜಿಗಳು ಮಾತ್ರ ಇನ್ನೂ ಎರಡು ತಿಂಗಳು ಹಸಿರಾಗೇ ಇದ್ದವು. ಸ್ಪ್ರೂಸ್ ಸತ್ತದ್ದು ತಡವಾಗಿ ಗೊತ್ತಾಗುತ್ತದೆ. ನಾನು ಆ ಎರಡು ತಿಂಗಳೂ ಅದಕ್ಕೆ ನೀರು ಹಾಕುತ್ತಲೇ ಇದ್ದೆ.

ಬೇರುನೋಟ (ಎರಡನೇ ದಿನ)

ತಂತಿಸುರುಳಿ ಸರ್, ಬೇಸಿಗೆ ಇಳಿದ ಮೇಲೆ ಮಾಡುವುದಕ್ಕೆ ನನ್ನ ವಿರೋಧ ಇಲ್ಲ. ಎರಡು ಹೊತ್ತೂ ಸರಿಯೇ. ಆದರೆ ಈ ಮರದ ಒಳಮಣ್ಣು ಕಳೆದ ಬೇಸಿಗೆಯಲ್ಲೇ ಒಣಗಿಹೋಗಿತ್ತು. ಇನ್ನೊಂದು ಬೇಸಿಗೆಯನ್ನು ಅದೇ ಸ್ಥಿತಿಯಲ್ಲಿ ಕಳೆಯುವುದು ನನಗೆ ಜಾಸ್ತಿ ಅಪಾಯ ಅನ್ನಿಸುತ್ತದೆ. ಮೊಗ್ಗು ಉಬ್ಬಿದೆ, ಇನ್ನೂ ಒಡೆದಿಲ್ಲ. ಕಾಲ ನೋಡಿ ಮಾಡುವವರು ತಿಂಗಳ ಹೆಸರು ನೋಡಬಾರದು, ಮೊಗ್ಗು ನೋಡಬೇಕು. ಈ ಮೊಗ್ಗು ಸರಿಯಾದ ಹೊತ್ತಿನಲ್ಲೇ ಇದೆ.

ತಂತಿಸುರುಳಿ (ಎರಡನೇ ದಿನ)

ಒಳಮಣ್ಣಿನ ವಿಷಯ ನಾನು ಸರಿಯಾಗಿ ಓದಿರಲಿಲ್ಲ. ಹಾಗಾದರೆ ಈಗಲೇ ಮಾಡಲಿ. ಒಂದು ಮಾತು: ಮರವನ್ನು ಪೆಟ್ಟಿಗೆಗೆ ಗಟ್ಟಿಯಾಗಿ ಕಟ್ಟಿ. ತಳದ ತೂತಿನಿಂದ ತಂತಿ ತೂರಿಸಿ ಬೇರಿನ ಮುದ್ದೆಯ ಮೇಲೆ ಬಿಗಿಯಬೇಕು. ಹಸಿ ಬೇರಿಗೆ ತಂತಿ ಒತ್ತುವ ಕಡೆ ರಬ್ಬರ್ ತುಂಡು ಇಡಿ. ಕೊನೆಗೆ ಮರ ಹಿಡಿದು ಎತ್ತಿದರೆ ಪೆಟ್ಟಿಗೆಯೂ ಎದ್ದು ಬರಬೇಕು. ಗಾಳಿಗೆ ಮರ ಚೂರು ಚೂರೇ ಅಲುಗುತ್ತಿದ್ದರೆ ಹೊಸ ಬೇರಿನ ತುದಿ ಬಂದ ಹಾಗೆ ಮುರಿಯುತ್ತಾ ಹೋಗುತ್ತದೆ.

ಮೊದಲಸಸಿ (ಎರಡನೇ ದಿನ)

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ವರ್ಷಪೂರ್ತಿ ಸೆಕೆ ಇರುವ ಕಡೆ ಸ್ಪ್ರೂಸ್ ಬೋನ್ಸಾಯ್ ಬೆಳೆಸಬಹುದಾ?

ಬೇರುನೋಟ (ಎರಡನೇ ದಿನ)

ಕ್ಷಮೆ ಯಾಕೆ, ಕೇಳಿ. ಬೆಳೆಸುವುದು ಕಷ್ಟ. ಸ್ಪ್ರೂಸ್‌ಗೆ ಚಳಿಗಾಲದ ನಿದ್ದೆ ಬೇಕೇ ಬೇಕು. ಅದು ಸಿಗದಿದ್ದರೆ ಒಂದೆರಡು ವರ್ಷ ದೂಡುತ್ತದೆ, ಆಮೇಲೆ ಸೊರಗುತ್ತದೆ. ಮನೆಯೊಳಗೆ ಎಸಿ ಹಾಕಿಟ್ಟರೂ ಆಗುವುದಿಲ್ಲ. ಸೆಕೆ ಇರುವ ಕಡೆ ಆಲ, ಅರಳಿ, ಅತ್ತಿಯ ಜಾತಿಯ ಗಿಡಗಳಲ್ಲಿ ಕೈ ಪಳಗಿಸಿಕೊಳ್ಳಿ. ಬೇರಿನ ಬಗ್ಗೆ ಇಲ್ಲಿ ಹೇಳಿದ್ದರಲ್ಲಿ ನೀರಿನ ಲೆಕ್ಕ ಅಲ್ಲೂ ಇದೇ.

ಸೂಜಿಎಲೆ (ಐದನೇ ದಿನ)

ಕೆಲಸ ಮುಗಿಯಿತು. ನಾಲ್ಕು ಗಂಟೆ ಹಿಡಿಯಿತು. ತಂತಿ ಸುತ್ತಿಲ್ಲ, ಹೊಸ ಕುಂಡವನ್ನು ಕಪಾಟಿನಲ್ಲಿಟ್ಟೆ.

ಹೊಸದಾಗಿ ತುಂಬಲು ಪ್ಯೂಮಿಸ್ ಮೂರು ಪಾಲು, ಅಕಡಾಮಾ (ಬೋನ್ಸಾಯ್‌ಗೆ ಬಳಸುವ ಜಪಾನಿನ ಜೇಡಿಮಣ್ಣಿನ ಕಾಳು) ಒಂದು ಪಾಲು. ಎರಡನ್ನೂ ಜರಡಿ ಹಿಡಿದು 3ರಿಂದ 6 ಮಿ.ಮೀ. ಕಾಳು ಮಾತ್ರ ಇಟ್ಟುಕೊಂಡೆ. ಜರಡಿಯಿಂದ ಬಿದ್ದ ದೂಳು ಎಷ್ಟಿತ್ತು ಅಂದರೆ ಅರ್ಧ ಬಕೆಟ್. ಹೋದ ಸಲ ಇದನ್ನೆಲ್ಲ ಹಾಗೇ ಸುರಿದಿದ್ದೆ.

ಬಿಡಿಸಲು ಬಲಬದಿ ಆರಿಸಿಕೊಂಡೆ, ಒಣಗಿ ಗಟ್ಟಿಯಾಗಿದ್ದದ್ದು ಅದೇ ಬದಿ. ಮೊದಲ ಎರಡು ಬೆರಳಿನಷ್ಟು ಸಲೀಸಾಗಿ ಬಂತು. ಒಳಗೆ ಹೋದ ಹಾಗೆ ಮಣ್ಣು ಕಲ್ಲಿನ ಹಾಗಿತ್ತು, ಅದರಲ್ಲಿ ಬದುಕಿದ ಬೇರು ತುಂಬಾ ಕಡಿಮೆ. ಕಂದು ಬಣ್ಣದ ಸತ್ತ ಬೇರುಗಳನ್ನು ಹಿಡಿದು ಎಳೆದರೆ ಸಿಪ್ಪೆ ಕೈಗೆ ಬಂತು, ಒಳಗಿನ ನಾರು ಮಾತ್ರ ಉಳಿಯಿತು. ಎಡಬದಿಯಲ್ಲಿ ಮೇಲೆ ಸ್ವಲ್ಪ ಕೆದಕಿ ನೋಡಿದೆ. ಅಲ್ಲಿ ಬಿಳಿ ಎಳೆಗಳು ಜೇಡರ ಬಲೆಯಂತೆ ಹಬ್ಬಿದ್ದವು, ಅಣಬೆಯ ವಾಸನೆ. ತಕ್ಷಣ ಮುಚ್ಚಿದೆ.

ಈಗ ಅಚ್ಚರಿಯ ಸಂಗತಿ. ಬುಡದಿಂದ 10 ಸೆಂ.ಮೀ. ದೂರದಲ್ಲಿ, ಎಡಬದಿಯಲ್ಲಿ, ಒಂದು ಬೇರಿನ ಗೊಂಚಲು ಇತ್ತು. ಅದು ಬುಡಕ್ಕೆ ಸೇರಿದ್ದಲ್ಲ! ಅತಿ ಕೆಳಗಿನ ರೆಂಬೆ ಪಾಚಿಯ ಕೆಳಗೆ ಮಲಗಿ, ಅಲ್ಲೇ ತನ್ನದೇ ಬೇರು ಬಿಟ್ಟುಕೊಂಡಿದೆ. ಎರಡು ವರ್ಷದಿಂದ ನೋಡುತ್ತಿದ್ದೇನೆ, ಅದನ್ನು ಬರೀ ಜೋತುಬಿದ್ದ ರೆಂಬೆ ಅಂದುಕೊಂಡಿದ್ದೆ. ಕತ್ತರಿಸಿ ತೆಗೆಯುವ ಪಟ್ಟಿಯಲ್ಲಿ ಅದೇ ಮೊದಲನೆಯದು. ಏನು ಮಾಡಲಿ?

ಬೇರುನೋಟ (ಐದನೇ ದಿನ)

ದಯವಿಟ್ಟು ಕತ್ತರಿಸಬೇಡಿ. ಓದಿ ನನಗೆ ತುಂಬಾ ಸಂತೋಷವಾಯಿತು.

ಎತ್ತರದ ಬೆಟ್ಟದಲ್ಲಿ ಸ್ಪ್ರೂಸ್ ಮಾಡುವ ಕೆಲಸ ಇದು. ಹಿಮ ಕೆಳಗಿನ ರೆಂಬೆಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಮೇಲೆ ಪಾಚಿ ಬೆಳೆಯುತ್ತದೆ, ರೆಂಬೆ ಬೇರು ಬಿಡುತ್ತದೆ. ತಾಯಿ ಕಾಂಡ ಸತ್ತರೂ ಆ ರೆಂಬೆ ಮರವಾಗಿ ನಿಲ್ಲುತ್ತದೆ. ಸ್ವೀಡನ್ನಿನ ಫುಲುಫ್ಯೆಲೆಟ್ ಬೆಟ್ಟದಲ್ಲಿರುವ ಓಲ್ಡ್ ಟಿಕ್ಕೊ ಅನ್ನುವ ಮರ ನಿಮ್ಮ ಮರದ ಜಾತಿಯದ್ದೇ, ನಾರ್ವೆ ಸ್ಪ್ರೂಸ್. ಕಣ್ಣಿಗೆ ಕಾಣುವ ಕಾಂಡಕ್ಕೆ ಕೆಲವು ನೂರು ವರ್ಷ ಮಾತ್ರ. ಅದರ ಬುಡದಡಿ ಸಿಕ್ಕ ಹಳೆಯ ಕಟ್ಟಿಗೆಯ ವಯಸ್ಸು ಸುಮಾರು 9,550 ವರ್ಷ ಅಂತ ಲೆಕ್ಕ ಹಾಕಿದ್ದಾರೆ. ಒಂದು ಕಾಂಡ ಹೋದರೆ ಅದೇ ಬೇರಿನಿಂದ, ನೆಲ ಮುಟ್ಟಿದ ರೆಂಬೆಯಿಂದ ಇನ್ನೊಂದು ಎದ್ದು ಬಂದು ಇಷ್ಟು ಕಾಲ ಉಳಿದಿದೆ.

ನಿಮ್ಮ ಪೆಟ್ಟಿಗೆಯಲ್ಲೂ ಈಗ ಎರಡು ಕಾಂಡಕ್ಕೆ ದಾರಿ ಇದೆ. ಆ ರೆಂಬೆಯ ತುದಿ ಮೇಲಕ್ಕೆ ತಿರುಗಿದೆಯಾ?

ಸೂಜಿಎಲೆ (ಐದನೇ ದಿನ)

ತಿರುಗಿದೆ! ಕೊನೆಯ 15 ಸೆಂ.ಮೀ. ನೆಟ್ಟಗೆ ಮೇಲಕ್ಕೆ ಎದ್ದಿದೆ. ಹಾಗಾದರೆ ಅದನ್ನು ಮುಟ್ಟುವುದಿಲ್ಲ.

ಮರವನ್ನು ಈಗ ಬಲಕ್ಕೆ ಸ್ವಲ್ಪ ವಾಲಿಸಿ ನೆಟ್ಟಿದ್ದೇನೆ, ಬುಡದ ಬೇರು ಚೆನ್ನಾಗಿ ಕಾಣುವ ಹಾಗೆ. ಗಾಳಿ ಬೀಸದ, ಬೆಳಗಿನ ಬಿಸಿಲು ಮಾತ್ರ ಬೀಳುವ ಜಾಗದಲ್ಲಿ ಇಟ್ಟಿದ್ದೇನೆ. ಮೇಲೆ ಸಣ್ಣಗೆ ಹೆಚ್ಚಿದ ಪಾಚಿ ಹರಡಿದೆ.

ಸೂಜಿಎಲೆ (ಐದು ವಾರದ ನಂತರ)

ಮೊಗ್ಗುಗಳು ಒಡೆದಿವೆ. ಪ್ರತಿ ಚಿಗುರಿನ ತಲೆಯ ಮೇಲೂ ಕಾಗದದಂಥ ಕಂದು ಟೋಪಿ ಇತ್ತು, ಈಗ ಒಂದೊಂದೇ ಉದುರುತ್ತಿವೆ. ಚಿಗುರು ಬಣ್ಣ ಬಳಿಯುವ ಸಣ್ಣ ಬ್ರಷ್‌ನಷ್ಟಿದೆ, ಮುಟ್ಟಿದರೆ ಬೆಣ್ಣೆಯಷ್ಟು ಮೆತ್ತಗೆ. ತುದಿ ಚಿವುಟಬೇಕಾ? ಎಲ್ಲ ಕಡೆ ಸ್ಪ್ರೂಸ್‌ಗೆ ಚಿವುಟಬೇಕು ಅಂತಾರಲ್ಲ.

ಇನ್ನೊಂದು, ಹಿಂಬದಿಯ ಒಂದು ರೆಂಬೆಯ ಹಳೆ ಸೂಜಿಗಳು ಮಂಕಾಗಿ ಕಂದಾಗುತ್ತಿವೆ. ಸಣ್ಣ ಸಣ್ಣ ಚುಕ್ಕೆ ಇದೆ.

ತಂತಿಸುರುಳಿ (ಅದೇ ದಿನ)

ಚಿವುಟಬೇಡಿ. ಚಿವುಟುವುದು ಆಕಾರ ಬಂದ, ಗಟ್ಟಿಮುಟ್ಟಾದ ಮರಕ್ಕೆ. ಬೆಳೆಯುತ್ತಿರುವ ತುದಿಯಿಂದಲೇ ಬೇರಿಗೆ ಬೆಳೆಯಲು ಸಂದೇಶ ಹೋಗುತ್ತದೆ. ತುದಿ ಕಿತ್ತರೆ ಬೇರು ನಿಧಾನವಾಗುತ್ತದೆ. ಈ ವರ್ಷ ಬಂದದ್ದೆಲ್ಲ ಮರದ್ದೇ ಆಗಿರಲಿ. ಗೊಬ್ಬರವನ್ನೂ ಚಿಗುರು ಬಲಿತ ಮೇಲೆ ಸ್ವಲ್ಪ ಸ್ವಲ್ಪ ಕೊಡಿ.

ಚುಕ್ಕೆ ಇರುವ ರೆಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟಿ. ಬಿದ್ದ ದೂಳಿನ ಕಣ ನಡೆದಾಡಿದರೆ ಅದು ಜೇಡನುಸಿ. ಬೇರೆ ನುಸಿಗಳ ಹಾಗಲ್ಲ, ಸ್ಪ್ರೂಸ್‌ನ ನುಸಿ ತಂಪಿನಲ್ಲೇ ಜೋರು. ಅದಕ್ಕೇ ಜನ ಅನುಮಾನ ಪಡುವುದಿಲ್ಲ.

ಸೂಜಿಎಲೆ (ಮರುದಿನ)

ನಡೆದಾಡಿದವು. ಹನ್ನೊಂದು ಎಣಿಸಿದೆ. ಬೆರಳಿನಿಂದ ಉಜ್ಜಿದರೆ ಕಾಗದದ ಮೇಲೆ ಗೆರೆ ಮೂಡಿತು. ಜೋರು ನೀರಿನಲ್ಲಿ ರೆಂಬೆಗಳ ಅಡಿಭಾಗ ತೊಳೆದೆ, ಮೂರು ದಿನಕ್ಕೊಮ್ಮೆ ಹಾಗೇ ಮಾಡುತ್ತೇನೆ. ಬೇರಿನ ಮೇಲೆ ನೀರು ಜಾಸ್ತಿ ಬೀಳದಂತೆ ಪೆಟ್ಟಿಗೆಗೆ ಪ್ಲಾಸ್ಟಿಕ್ ಕಟ್ಟಿಕೊಂಡೆ.

ಸೂಜಿಎಲೆ (ಮರುವರ್ಷ, ಚಳಿ ಶುರುವಾಗುವ ಹೊತ್ತು)

ಎಲ್ಲರೂ ಹೇಗಿದ್ದೀರಿ? ಮರ ಚೆನ್ನಾಗಿದೆ. ಬೇರು ಬಿಡಿಸಿದ ವರ್ಷ ಚಿಗುರು 2 ಸೆಂ.ಮೀ. ಮಾತ್ರ, ಈ ವರ್ಷ ಮೇಲ್ಭಾಗದಲ್ಲಿ 6 ಸೆಂ.ಮೀ. ಒಳಗಿನ ಹಳೆ ಕಡ್ಡಿಗಳ ಮೇಲೂ ಹೊಸ ಮೊಗ್ಗು ಕೂತಿವೆ. ನುಸಿ ಇಲ್ಲ. ಈಗ ತಂತಿ ಸುತ್ತಬಹುದಾ?

ತಂತಿಸುರುಳಿ (ಅದೇ ದಿನ)

ಈಗ ಸುತ್ತಿ. ಮರ ನಿದ್ದೆಗೆ ಹೋಗುತ್ತಿದೆ, ತೊಗಟೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬಗ್ಗಿಸಿದ ಮೇಲೆ ಹೆಪ್ಪುಗಟ್ಟುವ ಚಳಿಗೆ ಮಾತ್ರ ಬಿಡಬೇಡಿ, ಈ ಚಳಿಗಾಲ ಮರೆಯಲ್ಲಿರಲಿ.

ಹಳೆಯ ಸ್ಪ್ರೂಸ್ ಒಂದನ್ನು ಮನಸ್ಸಿಗೆ ತಂದುಕೊಳ್ಳಿ. ರೆಂಬೆ ಕಾಂಡದಿಂದ ಹೊರಟ ಕ್ಷಣವೇ ಕೆಳಕ್ಕೆ ಇಳಿಯುತ್ತದೆ. ಹಿಮದ ಭಾರ ಹೊತ್ತು ಹೊತ್ತು ಬಂದ ಇಳಿಜಾರು ಅದು. ತುದಿ ಮಾತ್ರ ಬೆಳಕಿಗೆ ತುಸು ಎದ್ದಿರುತ್ತದೆ. ಎಳೆಯ ಮರದ ರೆಂಬೆ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಬಾಗು ಕಾಂಡದ ಪಕ್ಕದಲ್ಲೇ ಬರಬೇಕು. ನಡುವಿನಿಂದ ಬಾಗಿಸಿದರೆ ಛತ್ರಿಯ ಹಾಗೆ ಕಾಣುತ್ತದೆ, ವಯಸ್ಸು ಕಾಣುವುದಿಲ್ಲ.

ಕಾಯಿಸಿ ಮೆತ್ತಗೆ ಮಾಡಿದ ತಾಮ್ರದ ತಂತಿ ಬಳಸಿ, ರೆಂಬೆಯ ದಪ್ಪದ ಮೂರನೇ ಒಂದು ಪಾಲು. ಸೂಜಿಗಳು ತಂತಿಯಡಿ ಸಿಕ್ಕಿಕೊಳ್ಳದ ಹಾಗೆ ಸುತ್ತಿ. ಸ್ಪ್ರೂಸ್ ರೆಂಬೆ ಚೆನ್ನಾಗಿ ಬಳುಕುತ್ತದೆ, ಅಷ್ಟೇ ಬೇಗ ವಾಪಸ್ ಎದ್ದುಬಿಡುತ್ತದೆ. ಒಂದು ವರ್ಷಕ್ಕೆ ಕೂರುವುದಿಲ್ಲ. ತಂತಿ ಕಚ್ಚಲು ಶುರುವಾದರೆ ಬಿಚ್ಚಿ, ಮತ್ತೆ ಸುತ್ತಿ. ದಪ್ಪ ರೆಂಬೆಗೆ ತಂತಿ ಸುತ್ತುವ ಬದಲು ಪೆಟ್ಟಿಗೆಗೆ ಎಳೆದು ಕಟ್ಟುವುದು ವಾಸಿ.

ಕತ್ತರಿಸುವಾಗ ಒಂದನ್ನು ಮರೆಯಬೇಡಿ. ಹಸಿರು ಸೂಜಿಯಾಗಲಿ ಮೊಗ್ಗಾಗಲಿ ಇಲ್ಲದ ಬೋಳು ರೆಂಬೆ ಉಳಿಸಿದರೆ ಅದು ಮತ್ತೆ ಚಿಗುರುವುದಿಲ್ಲ, ಸಾಯುತ್ತದೆ.

ಬೇರುನೋಟ (ಅದೇ ದಿನ)

ಬೇರು ಬಿಟ್ಟ ರೆಂಬೆಯನ್ನು ಚಿಕ್ಕ ಕಾಂಡವಾಗಿಯೇ ಉಳಿಸಿ. ಅದರ ವಾಲು ದೊಡ್ಡ ಕಾಂಡದ ವಾಲಿಗೆ ಹೊಂದಿಕೊಳ್ಳಲಿ. ಒಂದೇ ಗಾಳಿಗೆ ಬೆಳೆದ ಮರಗಳು ಅನ್ನಿಸಬೇಕು. ಜಪಾನಿನ ಒಮಿಯಾದಲ್ಲಿ ಬೋನ್ಸಾಯ್ ಕಲಾವಿದ ಸಬುರೊ ಕಾಟೊ ಅವರು ಎಝೊ ಸ್ಪ್ರೂಸ್ (ಅಲ್ಲಿನ ಒಂದು ಸ್ಪ್ರೂಸ್ ಜಾತಿ) ಗುಂಪಾಗಿ ನೆಟ್ಟು ಕಾಡು ಮಾಡುವುದಕ್ಕೆ ಹೆಸರಾದವರು. ಸ್ಪ್ರೂಸ್ ಗುಂಪಿನಲ್ಲಿ ಎಷ್ಟು ಚೆಂದ ಅನ್ನುವುದು ಅವರ ಮರಗಳ ಚಿತ್ರ ನೋಡಿದರೆ ತಿಳಿಯುತ್ತದೆ.

ಕೆಳಗಿನ ಒಣ ರೆಂಬೆಗಳನ್ನು ಜಿನ್ ಮಾಡಿ, ಅಂದರೆ ಬೋಳು ಒಣಕಟ್ಟಿಗೆಯಾಗಿ ಉಳಿಸಿ, ಸಿಪ್ಪೆ ಸುಲಿದು ಸುಣ್ಣ-ಗಂಧಕದ ದ್ರಾವಣ ಹಚ್ಚಿ. ಆದರೆ ಬುಡದಲ್ಲಿ, ಮಣ್ಣಿನ ಹತ್ತಿರ, ಕಟ್ಟಿಗೆ ಬಯಲು ಮಾಡಬೇಡಿ. ಸ್ಪ್ರೂಸ್ ಕಟ್ಟಿಗೆ ಮೆದು, ಒದ್ದೆ ತಾಗಿದ ಕಡೆ ಬೇಗ ಕೊಳೆಯುತ್ತದೆ.

ಸೂಜಿಎಲೆ (ಹತ್ತು ದಿನದ ನಂತರ)

ಮೂರು ಸಂಜೆ ಕೂತು ಮುಗಿಸಿದೆ. ಕೈಯೆಲ್ಲ ಸೂಜಿ ಚುಚ್ಚಿದ ಗಾಯ. ದೊಡ್ಡ ಕಾಂಡದಲ್ಲಿ ಒಂಬತ್ತು ರೆಂಬೆ ಉಳಿಸಿದೆ, ಮೂರು ಜಿನ್ ಆದವು. ಎರಡನೇ ರೆಂಬೆಯನ್ನು ಇಳಿಸುವಾಗ ಕಾಂಡದ ಹತ್ತಿರ "ಟಿಕ್" ಅಂತ ಸಣ್ಣ ಸದ್ದು ಬಂತು. ಅಲ್ಲೇ ನಿಲ್ಲಿಸಿ, ಮೇಲ್ಭಾಗದ ಬಿರುಕಿಗೆ ಅಂಟು ಹಚ್ಚಿ, ಎಳೆದು ಕಟ್ಟುವ ತಂತಿಯನ್ನು ಎರಡು ಸುತ್ತು ಸಡಿಲ ಮಾಡಿದೆ. ಇನ್ನೂ ಒಂದು ಬೆರಳು ಕೆಳಗೆ ಬರಬೇಕಿತ್ತು. ಮುಂದಿನ ವರ್ಷ ತರುತ್ತೇನೆ. ಚಿಕ್ಕ ಕಾಂಡಕ್ಕೆ ಒಂದೇ ತಂತಿ ಸಾಕಾಯಿತು, ಅದು ತನ್ನಷ್ಟಕ್ಕೇ ಅರ್ಧ ವಾಲಿಕೊಂಡಿತ್ತು.

ಹಳೆಕುಂಡ (ಅದೇ ದಿನ)

ಚಿತ್ರ ದೊಡ್ಡದು ಮಾಡಿ ನೋಡಿದೆ. ಚಿಕ್ಕ ಕಾಂಡ ಬಂದ ಮೇಲೆ ದೊಡ್ಡದರ ವಯಸ್ಸು ಎದ್ದು ಕಾಣುತ್ತಿದೆ. ಕಪಾಟಿನಲ್ಲಿರುವ ಕುಂಡಕ್ಕೆ ಯಾವಾಗ?

ಸೂಜಿಎಲೆ (ಅದೇ ದಿನ)

ಎಡಬದಿಯ ಮಣ್ಣು ಬಿಡಿಸುವ ದಿನ. ಇನ್ನೂ ಎರಡು ವಸಂತ ಇದೆ.

ಬೇರುನೋಟ (ಅದೇ ದಿನ)

ಆಗ ಚಿಕ್ಕ ಕಾಂಡದ ಬೇರೂ ಅದೇ ಬದಿಯಲ್ಲಿದೆ ಅನ್ನುವುದು ನೆನಪಿರಲಿ. ಅದರ ಗೊಂಚಲನ್ನು ಹಾಗೇ ಬಿಟ್ಟು ಸುತ್ತ ಮಾತ್ರ ಬಿಡಿಸಬೇಕಾಗುತ್ತದೆ. ಯಾವ ಬದಿ ಆಯಿತು, ಯಾವುದು ಬಾಕಿ ಅಂತ ಗುರುತು ಹಾಕಿದ್ದೀರಾ? ಎರಡು ವರ್ಷದ ಮೇಲೆ ಪಾಚಿ ಮುಚ್ಚಿದರೆ ಎರಡೂ ಒಂದೇ ಥರ ಕಾಣುತ್ತವೆ.

ಸೂಜಿಎಲೆ (ಅದೇ ದಿನ, ರಾತ್ರಿ)

ಹಾಕಿದ್ದೇನೆ ಅಕ್ಕಾ. ಪೆಟ್ಟಿಗೆಯ ಎಡಬದಿಗೆ ಕೆಂಪು ದಾರ ಕಟ್ಟಿದ್ದೇನೆ, ಹಲಗೆಯ ಮೇಲೆ ಬಲಬದಿ ಬಿಡಿಸಿದ ವರ್ಷವನ್ನು ಮೊಳೆಯಲ್ಲಿ ಕೊರೆದಿದ್ದೇನೆ.